ಮುತ್ತುಗವೋ, ಹಾಲವಾಣವೋ?

ಮಾಘ-ಫಾಲ್ಗುಣ ಮಾಸಗಳಲ್ಲಿ ಮುಂಡಗೋಡ ತಾಲ್ಲೂಕಿನ ಇಂದೂರಿನ ಸುತ್ತ ಸಂಚರಿಸುವವರಿಗೆ, ಎಲೆಯೊಂದೂ ಇಲ್ಲದೆ ಕೆಂಪಗೆ ಹೂತ ಮರಗಳು ಕಾಣುವುವು. ಅವು ಮುತ್ತುಗವೋ, ಹಾಲವಾಣವೋ? ಎರಡಕ್ಕೂ ತೊಟ್ಟಿಗೆ ಮೂರು ಮೂರು ಎಲೆ. ಎರಡೂ ಹೂಬಿಡುವ ಮುನ್ನ ಎಲೆಯುದುರಿಸುವುವು. ಬಣ್ಣವನ್ನಂತೂ ನೆಚ್ಚುವಂತಿಲ್ಲ. ಸಂಜೆಯ ಬಿಸಿಲಿನ ನೀಲಕಿರಣಗಳು ವಾಯುಮಂಡಲದಲ್ಲಿ ಚೆದರಿಹೋಗುವುದರಿಂದ ಮುತ್ತುಗದ ಕಿತ್ತಳೆಯೂ ಹಾಲವಾಣದ ರಕ್ತವರ್ಣದಂತೆ ತೋರುವುದು; ಭೌತಶಾಸ್ತ್ರದ ಅಧ್ಯಾಪಕನಾದ ನಾನೂ ಹೀಗೆ ಮೋಸಹೋದವನೇ.

ಹತ್ತಿರ ಹೋಗಿ ಬಿದ್ದ ಹೂವೊಂದನ್ನು ಎತ್ತಿಕೊಳ್ಳಿರಿ. ಮುತ್ತುಗದ ಪುಷ್ಪಪಾತ್ರೆ ಕಪ್ಪು ಮಖಮಲ್ಲಿನಂತಿದ್ದು, ಕೆಳದಳಗಳು ಕೂಡಿ ಗಿಣಿಯ ಕೊಕ್ಕಿನಂತೆ ಬಾಗಿರುವುವು. ಹಾಲವಾಣದಲ್ಲಿ ಒಂದೇ ದೊಡ್ಡ ದಳ ಎದ್ದುಕಾಣುವುದು, ಉಳಿದವು ಕಿರಿದು. ಎಳೆಯ ಕೊಂಬೆಯಲ್ಲಿ ಮುಳ್ಳಿದ್ದರೆ ಅದು ಹಾಲವಾಣವೇ, ಮುತ್ತುಗಕ್ಕೆ ಮುಳ್ಳಿಲ್ಲ. ತರಗೆಲೆಯೂ ಸಾಕ್ಷಿ ಹೇಳೀತು: ಊಟದೆಲೆ ಹಚ್ಚುವ ಮುತ್ತುಗದೆಲೆ ತೊಗಲಿನಂತೆ ದಪ್ಪ, ತುದಿ ಮೊಂಡು, ಹಾಲವಾಣದ್ದು ತೆಳು, ತುದಿ ಚೂಪು.

ಈ ಗೊಂದಲ ನಮ್ಮದಷ್ಟೇ ಅಲ್ಲ. 1785ರಲ್ಲಿ ಫ್ರಾನ್ಸಿನ ಲಾಮಾರ್ಕ್ ಮುತ್ತುಗವನ್ನು ಹಾಲವಾಣದ ಕುಲವಾದ ಎರಿಥ್ರಿನಕ್ಕೇ ಸೇರಿಸಿದ್ದನು. ಕುಲ ಬದಲಾಯಿತು, ಆತನಿಟ್ಟ 'ಮೊನೊಸ್ಪರ್ಮ', ಎಂದರೆ ಏಕಬೀಜ, ಎಂಬ ಹೆಸರು ಮಾತ್ರ ಇಂದಿಗೂ ಉಳಿದಿದೆ. ಬೇಸಗೆಯಲ್ಲಿ ಕಾಯಿ ಬಿಡಿಸಿ ನೋಡಿರಿ: ಮುತ್ತುಗದ ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜ, ಹಾಲವಾಣದ ಕಾಯಿಯಲ್ಲಿ ಹಲವು.