ಮಾತಿಗೆ ಮುನ್ನ ಅಕ್ಷರ

ಮೆದುಳು ಬೆಳೆಯುವ ಹಂತದಲ್ಲೇ ಆದ ಹಾನಿಯಿಂದ ದೇಹದ ಚಲನೆಯ ಮೇಲಿನ ಹಿಡಿತ ತಪ್ಪುವ ಸ್ಥಿತಿಗೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಇಂಥ ಅನೇಕ ಮಕ್ಕಳಿಗೆ ಹೇಳಬೇಕಾದುದು ತಿಳಿದಿದ್ದರೂ ನಾಲಿಗೆ, ತುಟಿಗಳು ಮಾತು ಕೇಳುವುದಿಲ್ಲ. ಅವರಿಗಾಗಿ ಇರುವ ಪೂರಕ ಮತ್ತು ಪರ್ಯಾಯ ಸಂವಹನ, ಅಂದರೆ ಚಿಕಿತ್ಸಕರ ಬಾಯಲ್ಲಿ 'ಎಎಸಿ', ಚಿತ್ರ ಅಂಟಿಸಿದ ರಟ್ಟಿನ ಹಲಗೆಯಿಂದ ಹಿಡಿದು, ಚಿತ್ರ ಮುಟ್ಟಿದೊಡನೆ ಪದ ನುಡಿಯುವ ಟ್ಯಾಬ್ಲೆಟ್‌ವರೆಗೆ ಎಲ್ಲವನ್ನೂ ಒಳಗೊಳ್ಳುತ್ತದೆ. ಚೆನ್ನೈನಲ್ಲಿ ಅಜಿತ್ ನಾರಾಯಣನ್ ಅವರ ತಂಡ ರೂಪಿಸಿದ 'ಆವಾಜ್', ಐಐಟಿ ಬಾಂಬೆಯ 'ಜೆಲ್ಲೋ' ಈ ಬಗೆಯ ಭಾರತೀಯ ಸಾಧನಗಳು.

ಯಂತ್ರ ಕೈಗೆ ಬಂದರೆ ಮಗು ಮಾತಾಡುವ ಪ್ರಯತ್ನವನ್ನೇ ಬಿಟ್ಟೀತೆಂಬ ಅಂಜಿಕೆ ಹೆತ್ತವರಲ್ಲಿ ಸಹಜ. ಆದರೆ ಮಿಲ್ಲರ್, ಲೈಟ್ ಮತ್ತು ಶ್ಲಾಸರ್ 2006ರಲ್ಲಿ ಪ್ರಕಟಿಸಿದ ಸಂಶೋಧನಾ ಪರಾಮರ್ಶೆಯಲ್ಲಿ, ಗಟ್ಟಿ ಪುರಾವೆಯಿದ್ದ 27 ಪ್ರಕರಣಗಳ ಪೈಕಿ ಒಂದರಲ್ಲೂ ಮಾತು ಕುಗ್ಗಿರಲಿಲ್ಲ. ಶೇ 89ರಷ್ಟರಲ್ಲಿ, ಅಲ್ಪಸ್ವಲ್ಪವಾದರೂ, ಹೆಚ್ಚಿತ್ತು.

ಕನ್ನಡದ ಮಟ್ಟಿಗೆ ತೊಡಕಿರುವುದು ವ್ಯಾಕರಣದಲ್ಲಿ. 'ನಾನು', 'ಮನೆ', 'ಹೋಗು' ಎಂಬ ಮೂರು ಚಿತ್ರಗಳನ್ನು ಮುಟ್ಟಿದರೆ ಸಾಧನ ಆ ಮೂರನ್ನೇ ನುಡಿಯುತ್ತದೆ. 'ಮನೆಗೆ ಹೋಗುತ್ತೇನೆ' ಎನ್ನಲು ವಿಭಕ್ತಿಯೂ ಕ್ರಿಯಾಪದದ ಪ್ರತ್ಯಯವೂ ಬೇಕು, ಅವಕ್ಕೆ ಚಿತ್ರ ಬರೆಯುವುದು ಹೇಗೆ? ಆದುದರಿಂದಲೇ ಅಕ್ಷರ ಅನಿವಾರ್ಯ.

ಬೆರಳಿನಿಂದ ಗುರಿಯಿಟ್ಟು ಮುಟ್ಟಲಾಗದ ಮಗುವಿಗೆ 'ಸ್ಕ್ಯಾನಿಂಗ್' ಎಂಬ ಕ್ರಮವುಂಟು: ಪರದೆಯ ಮನೆಗಳು ಸರದಿಯಂತೆ ಬೆಳಗುತ್ತಿರುವಾಗ, ಬೇಕಾದುದು ಬೆಳಗಿದ ಕ್ಷಣದಲ್ಲಿ ಮಗು ಅಂಗೈ, ಮೊಣಕಾಲು ಅಥವಾ ತಲೆಯಿಂದ ಒಂದೇ ಗುಂಡಿಯನ್ನು ಒತ್ತುತ್ತದೆ. ವರ್ಗೀಯ ವ್ಯಂಜನಗಳು 25. ಒಂದೊಂದಾಗಿ ಬೆಳಗಿದರೆ 'ಮ' ಬರುವಷ್ಟರಲ್ಲಿ 25 ಸರದಿ ಕಾಯಬೇಕು. ಮೊದಲು ಐದು ವರ್ಗಗಳ ಸಾಲು, ಅನಂತರ ಆ ಸಾಲಿನ ಐದು ಅಕ್ಷರ ಎಂದು ಜೋಡಿಸಿದರೆ ಹತ್ತೇ ಸಾಕು. ತುಟಿ ಕೂಡಿಸಿ ನುಡಿಯುವ ಪ, ಫ, ಬ, ಭ, ಮ ಒಂದೇ ಸಾಲಿನಲ್ಲಿ ಬರುವುದರಿಂದ ಧ್ವನಿಗಳ ನಂಟೂ ಮಗುವಿನ ಗಮನಕ್ಕೆ ಬಂದೀತು. ಹಳೆಯ ವೈಯಾಕರಣರು ಈ ಯಂತ್ರಕ್ಕಾಗಿಯೇ ವರ್ಣಮಾಲೆ ಜೋಡಿಸಿದರೇನೋ ಎನ್ನಿಸುವಷ್ಟು ಇದು ಹೊಂದುತ್ತದೆ. ಅಕ್ಷರ ಆರಿಸಿದ ಮೇಲೆ ಕಾಗುಣಿತಕ್ಕೆ ಇನ್ನೊಂದು ಸಾಲು ಬೇಕು, ನಿಜ; ಆ ವಿಳಂಬವನ್ನು ಕೇಳುವವರು ಸಹಿಸಬೇಕು.

ಸಾಧನ ಎದುರಿಗಿಟ್ಟ ಮಾತ್ರಕ್ಕೆ ಭಾಷೆ ಬಾರದು. ಮಾತು ಕಲಿಯುವ ಮಗುವಿನ ಸುತ್ತ ಎಲ್ಲರೂ ಮಾತಾಡುವಂತೆ, ಈ ಮಗುವಿನೆದುರು ತಾಯಿಯೂ ಶಿಕ್ಷಕಿಯೂ ಚಿತ್ರ, ಅಕ್ಷರಗಳನ್ನು ತಾವೇ ಮುಟ್ಟುತ್ತ ಮಾತಾಡಬೇಕು. ಊಟ, ನೀರು, ಶೌಚದ ಚಿತ್ರಗಳಿಗಷ್ಟೇ ಸೀಮಿತವಾದ ಪರದೆಯಲ್ಲಿ ಮಗು ಬೇಡಬಲ್ಲದೇ ಹೊರತು ಜಗಳವಾಡಲಾರದು, ಕಥೆ ಹೇಳಲಾರದು. ಸಾಧನ ಕೊಳ್ಳುವ ಮುನ್ನ ಪಾಲಕರು ಅದರಲ್ಲಿ ಕನ್ನಡದ ಅಕ್ಷರಫಲಕವಿದೆಯೇ ಎಂದು ವಾಕ್‌ಚಿಕಿತ್ಸಕರನ್ನು ಕೇಳಿ ತಿಳಿಯುವುದು ಒಳ್ಳೆಯದು.