ಮಕ್ಕಳ ರಸಾಯನ ಪೆಟ್ಟಿಗೆ: ಮೋಜೂ ಇರಲಿ, ಎಚ್ಚರವೂ ಇರಲಿ

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ, ಹುಟ್ಟುಹಬ್ಬಕ್ಕೆ ಸೋದರಮಾವ ತಂದುಕೊಟ್ಟ ‘ಕೆಮಿಸ್ಟ್ರಿ ಸೆಟ್’ ಬೀರುವಿನ ಮೇಲಿನಿಂದ ಕೆಳಗಿಳಿಯುತ್ತದೆ. ಪುಟ್ಟ ಸೀಸೆಗಳು, ಪ್ರನಾಳಗಳು, ಬಣ್ಣಬಣ್ಣದ ಪುಡಿಗಳು. ಮಗು ಕಣ್ಣರಳಿಸಿ ಕೂತರೆ ತಾಯಿಗೆ ಒಳಗೊಳಗೇ ಅಳುಕು. ಕಣ್ಣಿಗೆ ಸಿಡಿದರೆ? ಬಾಯಿಗೆ ಹಾಕಿಕೊಂಡರೆ? ‘ಅದೆಲ್ಲ ಬೇಡ, ಎತ್ತಿಡು’ ಎಂಬ ಮಾತು ಬಂದೇಬಿಡುತ್ತದೆ.

ಅಳುಕು ಸಹಜವೇ. ಆದರೆ ಪೆಟ್ಟಿಗೆಯನ್ನು ಎತ್ತಿಟ್ಟ ಮಾತ್ರಕ್ಕೆ ಮಗುವಿನ ಕುತೂಹಲ ಅಡಗುವುದಿಲ್ಲ. ಅದು ಯಾರಿಗೂ ಹೇಳದೆ ಬಚ್ಚಲುಮನೆಗೆ ಹೋಗುತ್ತದೆ. ಅಲ್ಲಿರುವ ಡಬ್ಬಿಗಳು ಈ ಪೆಟ್ಟಿಗೆಯಲ್ಲಿರುವ ಪುಡಿಗಳಿಗಿಂತ ಹೆಚ್ಚು ಅಪಾಯಕಾರಿ. ಬ್ಲೀಚಿಂಗ್ ಪುಡಿಗೆ ಶೌಚಾಲಯ ತೊಳೆಯುವ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಬಾಗಿಲು ಹಾಕಿದ ಚಿಕ್ಕ ಬಚ್ಚಲಿನಲ್ಲಿ ಅದು ಉಸಿರಾಟಕ್ಕೇ ಕುತ್ತು ತರಬಲ್ಲದು. ಕದ್ದು ಮಾಡುವ ಪ್ರಯೋಗಕ್ಕಿಂತ ದೊಡ್ಡವರ ಎದುರಿಗೆ ಮಾಡುವ ಪ್ರಯೋಗವೇ ಲೇಸು.

ಅತಿರೇಕವೂ ಇತ್ತು, ಲಾಭವೂ ಇತ್ತು

ಹಿಂದೆ ಇಂಥ ಪೆಟ್ಟಿಗೆಗಳಲ್ಲಿ ಎಚ್ಚರಿಕೆ ಕಡಿಮೆಯಿತ್ತು. 1950ರ ಸುಮಾರಿಗೆ ಅಮೆರಿಕದ ಎ.ಸಿ. ಗಿಲ್ಬರ್ಟ್ ಕಂಪನಿ ಮಕ್ಕಳಿಗೆಂದು ಮಾರಿದ ‘ಅಟಾಮಿಕ್ ಎನರ್ಜಿ ಲ್ಯಾಬ್’ನಲ್ಲಿ ಯುರೇನಿಯಂ ಅದಿರಿನ ಮಾದರಿಗಳೇ ಇದ್ದವು! ಇನ್ನೊಂದು ಮುಖವೂ ಉಂಟು. ಇಂಗ್ಲೆಂಡಿನ ಡೊರೊಥಿ ಹಾಡ್ಜ್‌ಕಿನ್ ಎಳೆವಯಸ್ಸಿನಲ್ಲೇ ಪಟಿಕ ಮತ್ತು ಮೈಲುತುತ್ತದ ಹರಳುಗಳನ್ನು ಬೆಳೆಸಿ ಬೆರಗಾದವರು. ಮುಂದೆ ಪೆನಿಸಿಲಿನ್ ಹಾಗೂ ಬಿ12 ಜೀವಸತ್ವದ ರಚನೆಯನ್ನು ಬಿಡಿಸಿ 1964ರಲ್ಲಿ ನೊಬೆಲ್ ಪಡೆದರು. 1969ರಲ್ಲಿ ಇನ್ಸುಲಿನ್ ರಚನೆಯನ್ನೂ ತೋರಿಸಿಕೊಟ್ಟರು. ಹರಳು ಬೆಳೆಸುವುದಕ್ಕೆ ಸ್ಫೋಟವೂ ಬೇಡ, ಬೆಂಕಿಯೂ ಬೇಡ. ತಾಳ್ಮೆ ಸಾಕು.

ಸೀಸೆಗಳಲ್ಲಿ ಏನಿದೆ?

ಮಗುವಿಗೆ ಕೊಡುವ ಮೊದಲು ಪೆಟ್ಟಿಗೆಯನ್ನು ನೀವೇ ಬಿಚ್ಚಿ, ಪ್ರತಿ ಸೀಸೆಯ ಚೀಟಿಯನ್ನೂ ಓದಿ. ಚೀಟಿ ಇಲ್ಲದ ಸೀಸೆಯನ್ನು ತೆಗೆದುಬಿಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ನಮ್ಮಲ್ಲಿ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಜೊತೆಗೆ ಯಾವ ವಯಸ್ಸಿನವರಿಗೆ ಎಂಬುದನ್ನೂ ನೋಡಿ. ಎಂಟು ವರ್ಷದೊಳಗಿನವರಿಗೆ ರಾಸಾಯನಿಕಗಳ ಪೆಟ್ಟಿಗೆ ಬೇಡ.

ನೀಲಿ ಹರಳಿನ ಕಾಪರ್ ಸಲ್ಫೇಟ್ ಎಂದರೆ ನಮ್ಮ ಮೈಲುತುತ್ತ. ಅಡಕೆಯ ಕೊಳೆರೋಗಕ್ಕೆ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುವ ಮಲೆನಾಡಿನ ಮನೆಗಳಿಗೆ ಇದು ಹೊಸದಲ್ಲ. ಹರಳು ಅಂದವಾಗಿದ್ದರೂ ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು. ಪ್ರಮಾಣ ಹೆಚ್ಚಾದರೆ ರಕ್ತಕಣಗಳು ಒಡೆದು ಮೂತ್ರಪಿಂಡಗಳಿಗೂ ಹಾನಿ. ನೇರಳೆ ಬಣ್ಣದ ಪೊಟ್ಯಾಷಿಯಂ ಪರ್ಮಾಂಗನೇಟ್‌ಗೆ ಗ್ಲಿಸರಿನ್ ತಗುಲಿದರೆ ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳುತ್ತದೆ. ಸ್ಪಿರಿಟ್ ದೀಪವಿದ್ದರೆ ಅದನ್ನು ದೊಡ್ಡವರೇ ಹಚ್ಚಲಿ. ಉರಿಯುತ್ತಿರುವಾಗಲೋ ಬಿಸಿ ಇರುವಾಗಲೋ ಅದಕ್ಕೆ ಸ್ಪಿರಿಟ್ ತುಂಬಲೇಬಾರದು.

ಕಣ್ಣಿಗೆ ಕ್ಷಾರವೇ ಹೆಚ್ಚು ಕೆಟ್ಟದ್ದು

ಆಸಿಡ್ ಎಂದರೆ ಎಲ್ಲರಿಗೂ ಭಯ. ಸುಣ್ಣ, ಕಾಸ್ಟಿಕ್ ಸೋಡಾದಂಥ ಕ್ಷಾರಗಳ ಬಗ್ಗೆ ಅಷ್ಟು ಭಯವಿಲ್ಲ. ಆದರೆ ಕಣ್ಣಿನ ಮಟ್ಟಿಗೆ ಕ್ಷಾರವೇ ಸಾಮಾನ್ಯವಾಗಿ ಹೆಚ್ಚು ಘಾತಕ. ಆಸಿಡ್ ತಾಗಿದ ಕಡೆ ಕಣ್ಣಿನ ಹೊರಪದರದ ಪ್ರೋಟೀನು ಹೆಪ್ಪುಗಟ್ಟಿ, ಅದು ಇನ್ನೂ ಒಳಗಿಳಿಯದಂತೆ ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕ್ಷಾರ ಹಾಗಲ್ಲ. ಅದು ಪದರಗಳನ್ನು ಕರಗಿಸುತ್ತಾ ಆಳಕ್ಕೆ ಇಳಿಯುತ್ತದೆ. ಹೊಗೆಸೊಪ್ಪಿನ ಜೊತೆ ಹಾಕಿಕೊಳ್ಳುವ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಚುಕಿ ಆಡುವಾಗ ಅದು ಒಡೆದು ಕಣ್ಣಿಗೆ ಸಿಡಿಯುವುದು ನಮ್ಮ ದೇಶದ ಕಣ್ಣಿನ ವೈದ್ಯರು ಚೆನ್ನಾಗಿ ಬಲ್ಲ ಅಪಘಾತ. ಆದ್ದರಿಂದ ಯಾವ ಪ್ರಯೋಗವೇ ಇರಲಿ, ಕಣ್ಣನ್ನು ಸುತ್ತಲೂ ಮುಚ್ಚುವ ರಕ್ಷಣಾ ಕನ್ನಡಕ ಮಗುವಿಗೂ ಬೇಕು, ಪಕ್ಕದಲ್ಲಿ ಕೂತ ನಿಮಗೂ ಬೇಕು.

ಮೋಜು ಎಲ್ಲಿದೆ?

ಮಗುವಿಗೆ ಖುಷಿ ಕೊಡುವುದು ಅಪಾಯವಲ್ಲ, ‘ನಾನೇ ಮಾಡಿದೆ’ ಎಂಬ ಭಾವ. ಆರತಿಗೆಂದು ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಓಕುಳಿ ಕೆಂಪಾಗುವುದನ್ನು ಅದು ನೋಡಿಯೇ ಇರುತ್ತದೆ. ಹಾಗೇಕೆ ಎಂದು ಕೇಳಿ. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಸೋಪಿನ ನೀರು ಹಚ್ಚಲಿ, ಕೆಂಪಾಗುತ್ತದೆ. ಮೇಲೆ ನಿಂಬೆರಸ ಬಿಡಲಿ, ಮತ್ತೆ ಹಳದಿ! ಕೆಂಪು ದಾಸವಾಳದ ರಸಕ್ಕೆ ನಿಂಬೆ ಹಿಂಡಿದರೆ ಗುಲಾಬಿ, ಅಡುಗೆ ಸೋಡಾ ಹಾಕಿದರೆ ಹಸಿರು. ಬಿಸಿನೀರಿನಲ್ಲಿ ಪಟಿಕ ಕರಗಿಸಿ, ದಾರ ಇಳಿಬಿಟ್ಟು ಕೆಲವು ದಿನ ಅಲುಗಾಡಿಸದೆ ಇಟ್ಟರೆ ಹರಳು ಕಟ್ಟುತ್ತದೆ. ಬಿಸಿನೀರನ್ನು ಮಾತ್ರ ನೀವು ಸುರಿಯಿರಿ. ಉಳಿದದ್ದನ್ನು ಮಗುವೇ ಮಾಡಿ, ಕಂಡದ್ದನ್ನು ನೋಟುಪುಸ್ತಕದಲ್ಲಿ ಬರೆದಿಡಲಿ. ಉತ್ತರವನ್ನು ನೀವೇ ಮೊದಲು ಹೇಳಿಬಿಟ್ಟರೆ ಅದರ ಮೋಜು ಅಲ್ಲಿಗೇ ಮುಗಿಯಿತು.

ಕೆಲವು ಕಟ್ಟುನಿಟ್ಟುಗಳು ಇರಲೇಬೇಕು:

• ನಲ್ಲಿಗೆ ಹತ್ತಿರ, ಗಾಳಿಯಾಡುವ ಕಡೆ ಕೂರಿ. ಅಡುಗೆ ಮಾಡುವ, ಊಟ ಮಾಡುವ ಜಾಗ ಬೇಡ.
• ಅಡುಗೆ ಪಾತ್ರೆ, ಕುಡಿಯುವ ನೀರಿನ ಬಾಟಲಿ ಬಳಸಬೇಡಿ.
• ತಲೆಗೂದಲು ಕಟ್ಟಿರಲಿ. ಜೋಲಾಡುವ ದುಪಟ್ಟಾ ಬೇಡ.
• ರುಚಿ ನೋಡಬಾರದು. ಮೂಗಿಟ್ಟು ಮೂಸಬಾರದು.
• ಸೋಡಾ ಮತ್ತು ನಿಂಬೆರಸ ಬೆರೆಸಿದ ಬಾಟಲಿಗೆ ಬಿರಡೆ ಹಾಕಬಾರದು. ಅನಿಲ ತುಂಬಿ ಸಿಡಿಯುತ್ತದೆ.
• ಪುಸ್ತಕದಲ್ಲಿಲ್ಲದ್ದನ್ನು ಬೆರೆಸುವ ಮುನ್ನ ದೊಡ್ಡವರನ್ನು ಕೇಳಬೇಕು.
• ಆಟ ಮುಗಿದ ಮೇಲೆ ಕೈ ತೊಳೆದು, ಪೆಟ್ಟಿಗೆಯನ್ನು ತಮ್ಮ ತಂಗಿಯರ ಕೈಗೆ ಎಟುಕದಂತೆ ಬೀಗ ಹಾಕಿಡಿ.

ಅವಘಡವಾದರೆ

ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಆ ಕ್ಷಣವೇ ರೆಪ್ಪೆಗಳನ್ನು ಬಿಡಿಸಿ ಹಿಡಿದು, ಶುದ್ಧ ನೀರನ್ನು ಕನಿಷ್ಠ 20 ನಿಮಿಷ ಹರಿಸಿ. ಆಸ್ಪತ್ರೆಗೆ ಓಡುವ ಆತುರದಲ್ಲಿ ಇದನ್ನು ಬಿಡಬೇಡಿ. ಆಮೇಲೆ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಸುಣ್ಣದ ಹರಳು ರೆಪ್ಪೆಯ ಒಳಗೆ ಉಳಿದಿರಬಹುದು. ಚರ್ಮಕ್ಕೆ ತಾಗಿದರೂ ಬಟ್ಟೆ ತೆಗೆದು ನೀರು ಹರಿಸುವುದೇ ಮೊದಲ ಚಿಕಿತ್ಸೆ. ಆಸಿಡ್‌ಗೆ ಸೋಡಾ, ಸುಣ್ಣಕ್ಕೆ ನಿಂಬೆರಸ ಹಚ್ಚುವುದು ತಪ್ಪು.

ನುಂಗಿದ್ದರೆ ಬಾಯಿ ಮುಕ್ಕಳಿಸಿ ಉಗುಳಿಸಿ. ಉಪ್ಪುನೀರು ಕುಡಿಸಿ ಅಥವಾ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಸುಡುವ ವಸ್ತು ಮೇಲೆ ಬರುವಾಗ ಅನ್ನನಾಳವನ್ನು ಮತ್ತೊಮ್ಮೆ ಸುಡುತ್ತದೆ. 108ಕ್ಕೆ ಕರೆ ಮಾಡಿ. ಸೀಸೆಯನ್ನು ಚೀಟಿಸಹಿತ ಆಸ್ಪತ್ರೆಗೆ ಒಯ್ಯಿರಿ, ಏನು ನುಂಗಿದೆ ಎಂಬುದು ವೈದ್ಯರಿಗೆ ತಿಳಿಯಬೇಕು.

ಇನ್ನೊಂದು ಮಾತು. ಏನಾದರೂ ಚೆಲ್ಲಿದಾಗ ಮಗುವನ್ನು ಗದರಬೇಡಿ. ಬೈಗುಳಕ್ಕೆ ಹೆದರಿದ ಮಗು ಮುಂದಿನ ಸಲ ಕಣ್ಣು ಉರಿದರೂ ಬಾಯಿ ಬಿಡುವುದಿಲ್ಲ. ‘ಅಮ್ಮಾ, ಇಲ್ಲಿ ನೋಡು’ ಎಂದು ಅಂಜದೆ ಕರೆಯುವ ಮಗು, ಕರೆದಾಗ ಪಕ್ಕದಲ್ಲೇ ಇರುವ ಅಮ್ಮನೋ ಅಪ್ಪನೋ ಇದ್ದರೆ ಪೆಟ್ಟಿಗೆಯನ್ನು ಧೈರ್ಯವಾಗಿ ಬಿಚ್ಚಬಹುದು.