ಜೀವಕೋಶದ ನೀರುಗಂಟಿ

ದೇವನಹಳ್ಳಿಯ ಸೀಮೆಯಲ್ಲಿ ಕೆರೆಗಳು ಕೋಡಿ ಹರಿಯುತ್ತಿದ್ದ ಕಾಲದಲ್ಲಿ, ತೂಬನ್ನೆತ್ತಿ ಯಾವ ಗದ್ದೆಗೆ ಎಷ್ಟು ನೀರು ಸಲ್ಲಬೇಕೆಂದು ನಿರ್ಣಯಿಸುತ್ತಿದ್ದ ನೀರುಗಂಟಿಯ ಆ ಕೆಲಸದಿಂದ ನೇರವಾಗಿ ಒಂದು ಕಾಳೂ ಹುಟ್ಟುತ್ತಿರಲಿಲ್ಲ. ಆದರೂ ಅವನು ಮೈಮರೆತರೆ ಒಬ್ಬನ ಪೈರು ಕೊಳೆತು ಇನ್ನೊಬ್ಬನದು ಒಣಗುತ್ತಿತ್ತು. ಜೀವಕೋಶದೊಳಗೂ ಇಂಥ ನೀರುಗಂಟಿಗಳುಂಟೆಂಬ ಅರಿವು ವಿಜ್ಞಾನಕ್ಕೆ ಬಂದುದು ತೀರ ಈಚೆಗೆ.

ನಮ್ಮ ಡಿಎನ್‌ಎಯಲ್ಲಿ ಪ್ರೋಟೀನಿನ ಸಂಕೇತವನ್ನು ಹೊತ್ತ ಭಾಗ ನೂರಕ್ಕೆ ಎರಡಕ್ಕೂ ಕಡಮೆ. ಮಿಕ್ಕುದನ್ನೆಲ್ಲ ಕಸವೆಂದು ತಳ್ಳಿದ ಪಂಡಿತರು ತುಸು ಆತುರಪಟ್ಟರೆಂದೇ ನನ್ನ ಭಾವನೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರು, ಮಿಲಿಮೀಟರು ಉದ್ದದ ಹುಳುವೊಂದರಲ್ಲಿ, ತಾನು ಯಾವ ಪ್ರೋಟೀನನ್ನೂ ನಿರ್ಮಿಸದೆ ಬೇರೊಂದು ವಂಶವಾಹಿಯ ಕಾರ್ಯವನ್ನು ತಡೆಹಿಡಿಯುವ ಸುಮಾರು 22 ಅಕ್ಷರಗಳ ಆರ್‌ಎನ್‌ಎ ತುಣುಕನ್ನು ಕಂಡಾಗ, ಅದು ಆ ಹುಳುವಿಗಷ್ಟೇ ಸಂಬಂಧಿಸಿದ ವೈಚಿತ್ರ್ಯವೆಂದು ಲೋಕವು ಸುಮ್ಮನಾಯಿತು. 2000ದಲ್ಲಿ ಲೆಟ್-7 ಎಂಬ ಎರಡನೆಯದು ಮನುಷ್ಯನಲ್ಲಿಯೂ ದೊರೆತ ಮೇಲೆ ಸುಮ್ಮನಿರುವಂತಾಗಲಿಲ್ಲ. ಆ ಇಬ್ಬರಿಗೂ ನೊಬೆಲ್ ಸಂದುದು 2024ರಲ್ಲಿ.

ದೇವನಹಳ್ಳಿಯಿಂದ ಬೆಂಗಳೂರಿಗೆ ಬರುವ ದಾರಿಯಲ್ಲಿ ಸಿಕ್ಕುವ ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿ, 2023ರಲ್ಲಿ ದಿವಂಗತರಾದ ಎಂ.ಆರ್.ಎಸ್. ರಾವ್ ಅವರೂ ಅವರ ಶಿಷ್ಯರೂ ಇಲಿಯ ವರ್ಣತಂತುವಿನಲ್ಲಿ ಬೇರೇನನ್ನೋ ಅರಸುತ್ತಿದ್ದಾಗ, ಪ್ರೋಟೀನಾಗದೆ ಕೋಶಕೇಂದ್ರದಲ್ಲಿಯೇ ಉಳಿಯುವ 2,400 ಅಕ್ಷರಗಳ ಆರ್‌ಎನ್‌ಎಯೊಂದು ಕಣ್ಣಿಗೆ ಬಿದ್ದಿತು, 2004ರಲ್ಲಿ ಪ್ರಕಟವಾಯಿತು. ಅದು ವೃಷಣದ ಸಂಗತಿ, ನಾನಿಲ್ಲಿ ಹೇಳಹೊರಟಿರುವ ಅಂಡಾಶಯದ ಕ್ಯಾನ್ಸರಿನದಲ್ಲ, ನಿಜ. ಆದರೆ ತೂಬಿನ ಕೆಲಸ ಒಂದೇ ಬಗೆಯದು.

ಅಂಡಾಶಯದ ಕ್ಯಾನ್ಸರಿನ ಕೋಶಗಳು ಉದರದ ದ್ರವದೊಳಕ್ಕೆ ಉದುರಿ, ಗುಂಪುಗೂಡಿ ತೇಲಿ, ಕರುಳಿನ ಮೇಲೆ ಹೊದ್ದ ಕೊಬ್ಬಿನ ಪೊರೆಯಲ್ಲಿ ಬೇರೂರುತ್ತವೆ. ಇಂಥ ಕೋಶಗಳಲ್ಲಿ ಲೆಟ್-7 ಕುಗ್ಗಿದರೆ ಅದು ಅದುಮಿಟ್ಟಿದ್ದ ಭ್ರೂಣಕಾಲದ ವಂಶವಾಹಿಗಳು ಮತ್ತೆ ತಲೆಯೆತ್ತುವುವು. ಲೆಟ್-7ರಂಥ ಪುಟ್ಟ ತುಣುಕುಗಳಿಗೆ ಮೈಕ್ರೋ ಆರ್‌ಎನ್‌ಎ ಎಂದು ಹೆಸರು; ಅವುಗಳಲ್ಲಿ ಮೈಕ್ರೋ ಆರ್‌ಎನ್‌ಎ-200 ಎಂಬ ಬಳಗವಂತೂ ಕೋಶಕ್ಕೆ ಕೋಶವನ್ನು ಬೆಸೆಯುವ ಇ-ಕ್ಯಾಡ್‌ಹೆರಿನ್ ಎಂಬ ಅಂಟನ್ನು ಕಾಯುವುದೆಂದು 2008ರಲ್ಲಿ ತಿಳಿಯಿತು. ಹಾಗಾದರೆ ಗಡ್ಡೆಯಲ್ಲಿ ಆ ಬಳಗ ಕಡಮೆಯಾಗಿರಬೇಕಷ್ಟೆ? ಅದರ ಹಿಂದಿನ ವರ್ಷವೇ ಪರೀಕ್ಷಿಸಿದವರಿಗೆ, ಆರೋಗ್ಯವಂತ ಅಂಡಾಶಯದಲ್ಲಿರುವುದಕ್ಕಿಂತ ಹೆಚ್ಚಾಗಿಯೇ ಕಂಡಿತ್ತು! ಸಹಜವಾದ ಅಂಡಾಶಯದ ಹೊರಪದರದಲ್ಲಿ ಆ ಅಂಟು ಮೊದಲೇ ಅಲ್ಪ. ಗಡ್ಡೆ ಕಟ್ಟುವಾಗ ಅದು ಬೇಕು, ಹರಡುವಾಗ ಬೇಡ. ಆದುದರಿಂದ ಇವನು ಒಳ್ಳೆಯ ನೀರುಗಂಟಿ, ಅವನು ಕೆಟ್ಟವನು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ಬರಹಗಳನ್ನು ನಾನು ನಂಬಲಾರೆ.

ಈ ಆರ್‌ಎನ್‌ಎಗಳ ಏರಿಳಿತವನ್ನು ರಕ್ತದಲ್ಲಳೆದು ರೋಗವನ್ನು ಮೊದಲೇ ಹಿಡಿಯುವ ಪರೀಕ್ಷೆಯು ಆಸ್ಪತ್ರೆಗಳ ನಿತ್ಯದ ಬಳಕೆಗೆ ಇನ್ನೂ ಬಂದಿಲ್ಲ. ಸದ್ಯಕ್ಕೆ ಸ್ಕ್ಯಾನಿಂಗೂ ಸಿಎ-125 ರಕ್ತಪರೀಕ್ಷೆಯೂ ಉಂಟು. ದೊಡ್ಡಬಳ್ಳಾಪುರದಲ್ಲಾಗಲಿ ಹೊಸಕೋಟೆಯಲ್ಲಾಗಲಿ, ಹೊಟ್ಟೆಯುಬ್ಬರವೂ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದೂ ಎರಡು ಮೂರು ವಾರ ಬಿಡದಿದ್ದರೆ, ಗ್ಯಾಸೆಂದು ಜೀರಿಗೆ ಕಷಾಯ ಕುಡಿದು ಸುಮ್ಮನಾಗದೆ, ತಾಯಂದಿರು ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿಕೊಳ್ಳಲಿ.